ಬೇಟೆನಾಯಿ ಬಿಟ್ಟ ಕಾಡಿನಲ್ಲಿ ಜಿಂಕೆಗಳಿಗೆ ಏನಾಗುತ್ತದೆ: ಅಳೆದು ತಿಳಿಯುವ ವಿಧಾನ

ನಾಯಿಗಳ ಹಿಂಡು ಒಂದು ಕಾಡಿನೊಳಗೆ ನುಗ್ಗಿ ಹೊರಬಂದ ಮೇಲೆ ಎರಡು ಮಾತು ಕೇಳಿಬರುತ್ತದೆ. ಇನ್ನು ಈ ವರ್ಷ ಜಿಂಕೆ ಇತ್ತ ತಲೆ ಹಾಕುವುದಿಲ್ಲ ಎಂದು ಕೆಲವರು, ಬೆಳಗಾಗುವುದರೊಳಗೆ ಎಲ್ಲ ವಾಪಸ್ ಬಂದಿರುತ್ತವೆ ಎಂದು ಇನ್ನು ಕೆಲವರು. ಇಬ್ಬರೂ ಕಣ್ಣಾರೆ ಕಂಡದ್ದನ್ನೇ ಹೇಳುತ್ತಿರುತ್ತಾರೆ, ಆದರೆ ಕಂಡದ್ದು ಬೇರೆ ಬೇರೆ ಹೊತ್ತಿನಲ್ಲಿ. ಜಿಂಕೆ ಓಡಿತೇ ಎಂದು ಕೇಳಿ ಪ್ರಯೋಜನವಿಲ್ಲ, ಓಡಿಯೇ ಓಡುತ್ತದೆ. ಎಷ್ಟು ಹೊತ್ತಿಗೆ ಮರಳಿತು, ಮರಳಿದ ಮೇಲೆ ಹಗಲಿನಲ್ಲಿ ಬಯಲಿಗೆ ಬರುತ್ತಿದೆಯೇ, ಮಲಗುವ ಜಾಗ ಬದಲಾಯಿತೇ ಎಂಬುದನ್ನು ಅಳೆಯಬೇಕು. ಅರಣ್ಯ ನೋಡಿಕೊಳ್ಳುವವರು, ಜಮೀನಿನ ಒಡೆಯರು, ವನ್ಯಜೀವಿ ವಿದ್ಯಾರ್ಥಿಗಳು ಸಾಮಾನ್ಯ ಸಲಕರಣೆಗಳಲ್ಲೇ ಇದನ್ನು ಮಾಡಬಹುದು.

ಮೊದಲು ತಿಳಿದಿರಬೇಕಾದ್ದು

ಅಮೆರಿಕದ ಆಗ್ನೇಯ ರಾಜ್ಯಗಳಲ್ಲಿ ರೇಡಿಯೊ ಕಾಲರ್ ಹಾಕಿದ ಬಿಳಿಬಾಲದ ಜಿಂಕೆಗಳನ್ನು ಬೇಟೆನಾಯಿಗಳಿಂದ 65 ಬಾರಿ ಅಟ್ಟಿಸಿ ನೋಡಿದ ಅಧ್ಯಯನವೊಂದು 1971ರಲ್ಲಿ ಪ್ರಕಟವಾಯಿತು. ಒಂದು ಅಟ್ಟುವಿಕೆ ಸರಾಸರಿ 33 ನಿಮಿಷ ನಡೆದಿತ್ತು, ದೂರ ಸರಾಸರಿ 3.9 ಕಿಲೋಮೀಟರ್. ಹೆಚ್ಚಿನ ಜಿಂಕೆಗಳು ತಮ್ಮ ಓಡಾಟದ ವಲಯ ಬಿಟ್ಟು ಆಚೆ ಹೋದವು, ಸಾಮಾನ್ಯವಾಗಿ ಒಂದು ದಿನದೊಳಗೆ ಮರಳಿದವು. ದಕ್ಷಿಣ ಕೆರೊಲಿನಾದ ಸವಾನಾ ರಿವರ್ ಸೈಟ್ ಎಂಬ ಸರ್ಕಾರಿ ಅಣು ಸ್ಥಾವರದ ಕಾಡಿನಲ್ಲಿ ಹೆಣ್ಣು ಜಿಂಕೆಗಳ ಮೇಲೆ ಆಮೇಲೆ ನಡೆದ ಅಧ್ಯಯನವೂ ಇದನ್ನೇ ತೋರಿಸಿತು: ನಾಯಿ ಬೇಟೆ ಮುಗಿದ ಅರ್ಧ ದಿನದ ಆಸುಪಾಸಿನಲ್ಲಿ ಅವು ತಮ್ಮ ಜಾಗಕ್ಕೆ ಬಂದಿದ್ದವು.

ಇಷ್ಟನ್ನೇ ಓದಿ ನಿಲ್ಲಿಸಿದರೆ ನಾಯಿ ಬೇಟೆಯಿಂದ ಜಿಂಕೆಗೆ ಏನೂ ಆಗುವುದಿಲ್ಲ ಎಂದು ತೋರುತ್ತದೆ. ಆದರೆ ಇಟಲಿಯ ಟಸ್ಕನಿಯಲ್ಲಿ ನಾಯಿಗಳನ್ನು ಬಿಡುವುದು ಕಾಡುಹಂದಿಗಾಗಿ. ಅದೇ ಬೆಟ್ಟದಲ್ಲಿರುವ ರೋ ಜಿಂಕೆಯನ್ನು (ಯುರೋಪಿನ ಚಿಕ್ಕ ಜಾತಿಯ ಜಿಂಕೆ) ಆ ನಾಯಿಗಳು ಹುಡುಕುತ್ತಿರುವುದೇ ಇಲ್ಲ. ಹಾಗಿದ್ದೂ ಬೇಟೆಯ ಋತುವಿನಲ್ಲಿ ರೋ ಜಿಂಕೆಗಳು ಪಕ್ಕದ ಸಂರಕ್ಷಿತ ಪ್ರದೇಶವನ್ನು ಆಸರೆಯಾಗಿ ಬಳಸುತ್ತವೆ ಎಂದು 2011ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಇಂಗ್ಲೆಂಡಿನಲ್ಲಿ ಕೆಂಪು ಜಿಂಕೆಯನ್ನೇ ಗುರಿಯಾಗಿಟ್ಟು ನಡೆಯುತ್ತಿದ್ದ ನಾಯಿ ಬೇಟೆಯ ಕಥೆ ಇನ್ನೂ ಬೇರೆ. ಅಲ್ಲಿ ಒಂದು ಬೇಟೆ ಸರಾಸರಿ ಮೂರು ಗಂಟೆ, ಸುಮಾರು 19 ಕಿಲೋಮೀಟರ್ ಎಳೆಯುತ್ತಿತ್ತು. ಜೀವವಿಜ್ಞಾನಿ ಪ್ಯಾಟ್ರಿಕ್ ಬೇಟ್ಸನ್ 1997ರಲ್ಲಿ ಕೊಟ್ಟ ವರದಿಯಲ್ಲಿ ಆ ಜಿಂಕೆಗಳ ಸ್ನಾಯುಗಳಲ್ಲಿ ಶಕ್ತಿಯ ದಾಸ್ತಾನು ಬರಿದಾಗಿದ್ದುದು, ರಕ್ತದಲ್ಲಿ ತೀವ್ರ ದಣಿವಿನ ಗುರುತು ಇದ್ದುದು ದಾಖಲಾಯಿತು. ಅದೇ ವರ್ಷ ಅಲ್ಲಿನ ಜಮೀನು, ಪಾರಂಪರಿಕ ತಾಣಗಳನ್ನು ಕಾಪಾಡುವ ಸಂಸ್ಥೆ ನ್ಯಾಷನಲ್ ಟ್ರಸ್ಟ್ ತನ್ನ ಜಮೀನಿನಲ್ಲಿ ಆ ಬೇಟೆಯನ್ನು ನಿಲ್ಲಿಸಿತು.

ಹಾಗಾಗಿ 33 ನಿಮಿಷದ ಓಟದ ಅಂಕಿಯನ್ನು ಮೂರು ಗಂಟೆಯ ಓಟಕ್ಕೆ ಅನ್ವಯಿಸಲು ಹೋಗಬೇಡಿ. ಕೆಲಸ ಶುರು ಮಾಡುವ ಮೊದಲು ನಾಲ್ಕು ವಿಷಯ ಬರೆದಿಟ್ಟುಕೊಳ್ಳಿ: ನಾಯಿಗಳ ಗುರಿ ಯಾವ ಪ್ರಾಣಿ, ಒಮ್ಮೆಗೆ ಎಷ್ಟು ನಾಯಿ, ಉದ್ದ ಕಾಲಿನ ವೇಗದ ತಳಿಯೋ ಗಿಡ್ಡ ಕಾಲಿನದೋ, ಒಂದೇ ಜಾಗಕ್ಕೆ ಋತುವಿನಲ್ಲಿ ಎಷ್ಟು ಸಲ ಬರುತ್ತವೆ. ತಳಿಯ ವಿಷಯ ಸಣ್ಣದಲ್ಲ. ಡ್ರೆವರ್, ಡ್ಯಾಶ್‌ಹೌಂಡ್‌ನಂಥ ಗಿಡ್ಡ ನಾಯಿಗಳು ಬೊಗಳುತ್ತ ನಿಧಾನವಾಗಿ ಬರುತ್ತವೆ. ರೋ ಜಿಂಕೆ ಅವುಗಳ ಮುಂದೆ ನಡೆಯುತ್ತ, ನಿಂತು ಹಿಂದಿರುಗಿ ನೋಡುತ್ತ ಸರಿದುಹೋಗುತ್ತದೆ. ಎತ್ತರದ ವೇಗದ ನಾಯಿಗಳ ಮುಂದೆ ಅದಕ್ಕೆ ದಿಕ್ಕು ನೋಡಿಕೊಂಡು ಓಡುವಷ್ಟೂ ವ್ಯವಧಾನ ಇರುವುದಿಲ್ಲ.

ಎರಡು ಜಾಗ, ಮೂರು ಅವಧಿ

ಬೇಟೆ ನಡೆಯುವ ಜಾಗ ಒಂದನ್ನೇ ಅಳೆದರೆ ಫಲಿತಾಂಶಕ್ಕೆ ಬೆಲೆ ಇಲ್ಲ. ಬೇಟೆಯ ಋತು ಶುರುವಾಗುವ ಹೊತ್ತಿಗೇ ಎಲೆ ಉದುರುತ್ತದೆ, ಓಕ್ ಕಾಯಿ ಬೀಳುತ್ತದೆ, ಕೊಯ್ಲಾಗಿ ಹೊಲ ಬೋಳಾಗುತ್ತದೆ. ಕೆಲವು ಜಾತಿಗಳಿಗೆ ಅದೇ ಬೆದೆಗಾಲ. ನಾಯಿ ಬರದಿದ್ದರೂ ಜಿಂಕೆಯ ಓಡಾಟ ಬದಲಾಗುವ ಕಾಲವದು. ಆದ್ದರಿಂದ ಅದೇ ಬಗೆಯ ಮರ, ಅದೇ ಬಗೆಯ ಮೇವು, ರಸ್ತೆಯಿಂದ ಹೆಚ್ಚುಕಮ್ಮಿ ಅಷ್ಟೇ ದೂರ ಇರುವ, ನಾಯಿ ಬಿಡದ ಇನ್ನೊಂದು ಜಾಗವನ್ನು ಹೋಲಿಕೆಗೆ ಆರಿಸಿ. ಎರಡರ ನಡುವೆ ಕನಿಷ್ಠ 2 ಕಿಲೋಮೀಟರ್ ಅಂತರ ಬೇಕು. ಹತ್ತಿರವಿದ್ದರೆ ಇಲ್ಲಿಂದ ಓಡಿದ ಜಿಂಕೆ ಅಲ್ಲಿನ ಲೆಕ್ಕಕ್ಕೆ ಸೇರಿ, ವ್ಯತ್ಯಾಸ ಎರಡು ಪಟ್ಟಾಗಿ ಕಾಣುತ್ತದೆ.

ಅವಧಿ ಮೂರು: ಬೇಟೆಗೆ ಮುಂಚಿನ 3 ವಾರ, ಬೇಟೆ ನಡೆಯುವ ಇಡೀ ಋತು, ಮುಗಿದ ಮೇಲಿನ 3ರಿಂದ 4 ವಾರ. ಮುಂಚಿನ 3 ವಾರವನ್ನು ಬಿಟ್ಟು ಆಮೇಲೆ ಪರದಾಡುವವರೇ ಹೆಚ್ಚು. ಋತು ಶುರುವಾದ ಮೇಲೆ ಕ್ಯಾಮೆರಾ (ಪ್ರಾಣಿ ಎದುರು ಹಾದಾಗ ತಾನೇ ಚಿತ್ರ ತೆಗೆಯುವಂಥದ್ದು) ಕಟ್ಟಿದರೆ ಹೋಲಿಸಲು ಏನೂ ಉಳಿದಿರುವುದಿಲ್ಲ.

ಕ್ಯಾಮೆರಾ ಕಟ್ಟುವುದು

ಪ್ರತಿ ಜಾಗಕ್ಕೂ 12 ಕ್ಯಾಮೆರಾ ಇದ್ದರೆ ಒಳ್ಳೆಯದು, 8ಕ್ಕಿಂತ ಕಡಿಮೆ ಬೇಡ. ನಕ್ಷೆಯ ಮೇಲೆ 400ರಿಂದ 500 ಮೀಟರ್ ಚೌಕಗಳನ್ನು ಎಳೆದು, ಪ್ರತಿ ಚೌಕದ ನಡುವಿನ ಬಿಂದುವಿಗೆ ಹೋಗಿ, ಅಲ್ಲಿಂದ 30 ಮೀಟರ್ ಒಳಗೆ ಸಿಗುವ ಮೊದಲ ಜಿಂಕೆದಾರಿಗೆ ಕ್ಯಾಮೆರಾ ಕಟ್ಟಿ. ಉಪ್ಪಿನ ಗಡ್ಡೆ, ಜೋಳ, ಮೇವಿನ ತೊಟ್ಟಿ ಇರುವ ಕಡೆ ಕಟ್ಟಬೇಡಿ. ಆಮಿಷದ ಮುಂದೆ ಸಿಗುವ ಲೆಕ್ಕ ಜಿಂಕೆಯ ಹಸಿವಿನದೇ ಹೊರತು ಅದರ ಭಯದ್ದಲ್ಲ.

ನೆಲದಿಂದ 70ರಿಂದ 80 ಸೆಂಟಿಮೀಟರ್ ಎತ್ತರ ಸಾಕು. ಎತ್ತರಕ್ಕೆ ಕಟ್ಟಿ ಕೆಳಕ್ಕೆ ಬಾಗಿಸಿದರೆ ಮರಿಗಳೂ ಚಿಕ್ಕ ಜಾತಿಯ ಜಿಂಕೆಗಳೂ ತಪ್ಪಿಹೋಗುತ್ತವೆ. ದಾರಿಯಿಂದ 3ರಿಂದ 5 ಮೀಟರ್ ದೂರ ಇಡಿ. ದಾರಿಗೆ ಅಡ್ಡಲಾಗಿ ನೇರ ನೋಡುವಂತೆ ಇಡದೆ ಸುಮಾರು 45 ಡಿಗ್ರಿ ಓರೆಯಾಗಿಡಿ. ಅಡ್ಡಲಾಗಿ ಇಟ್ಟ ಕ್ಯಾಮೆರಾ ಎಚ್ಚರವಾಗುವಷ್ಟರಲ್ಲಿ ಓಡುವ ಜಿಂಕೆ ಚೌಕಟ್ಟು ದಾಟಿರುತ್ತದೆ, ಬೇಟೆಯ ದಿನವೇ ಖಾಲಿ ಚಿತ್ರಗಳ ರಾಶಿ ಬೀಳುತ್ತದೆ. ಉತ್ತರ ಗೋಳಾರ್ಧದಲ್ಲಿ ಉತ್ತರಕ್ಕೆ ಮುಖ ಮಾಡಿದರೆ ಬಿಸಿಲು ನೇರ ಹೊಡೆಯುವುದಿಲ್ಲ. ಒಂದು ಚಾಲನೆಗೆ 3 ಚಿತ್ರ, ನಡುವೆ ವಿರಾಮ ಸೊನ್ನೆ. ಮುಂದಿನ ಹುಲ್ಲನ್ನು ಕುಡುಗೋಲಿನಿಂದ ಸವರಿ, ಆದರೆ ಸವರಿದ ಮೇಲೆ ಎರಡು ದಿನದ ಚಿತ್ರಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ಚಳಿ ಇರುವ ಕಡೆ ಲಿಥಿಯಂ ಬ್ಯಾಟರಿಯನ್ನೇ ಹಾಕಿ. ಸಾಮಾನ್ಯ ಆಲ್ಕಲೈನ್ ಬ್ಯಾಟರಿ ಚಳಿಗೆ ಸೊರಗಿ, ರಾತ್ರಿಯ ಫ್ಲ್ಯಾಶ್ ಮೊದಲು ಸಾಯುತ್ತದೆ. ರಾತ್ರಿ ಜಿಂಕೆಯೇ ಬರುತ್ತಿಲ್ಲ ಎಂದು ಆಗ ಅನಿಸುತ್ತದೆ.

ಎಲ್ಲ ಕ್ಯಾಮೆರಾಗಳ ಗಡಿಯಾರವನ್ನು ಒಂದೇ ಫೋನ್ ನೋಡಿ ಹೊಂದಿಸಿ. ಕಾರ್ಡ್ ಬದಲಿಸುವಾಗಲೆಲ್ಲ ಫೋನಿನ ಗಡಿಯಾರವನ್ನು ಕ್ಯಾಮೆರಾದ ಮುಂದೆ ಹಿಡಿದು ಒಂದು ಚಿತ್ರ ತೆಗೆಯಿರಿ. ಗಡಿಯಾರ ಜಾರಿದ್ದರೆ ಆಮೇಲೆ ತಿದ್ದಿಕೊಳ್ಳಬಹುದು. ವರ್ಷಕ್ಕೆರಡು ಸಲ ಗಡಿಯಾರ ಬದಲಿಸುವ ದೇಶಗಳಲ್ಲಿ ಕ್ಯಾಮೆರಾವನ್ನು ಬದಲಿಸದೆ ಒಂದೇ ಸಮಯದಲ್ಲಿ ಬಿಡಿ.

ನಾಯಿ ಎಲ್ಲಿ ಹೋಯಿತು ಎಂಬ ದಾಖಲೆ

ಇಂದು ಬೇಟೆನಾಯಿಗಳಿಗೆ ಜಿಪಿಎಸ್ ಕಾಲರ್ ಇರುವುದು ಸಾಮಾನ್ಯ. ಬೇಟೆಗಾರರ ಕೈಯಲ್ಲಿರುವ ಸಾಧನದಿಂದ ಪ್ರತಿ ನಾಯಿಯ ಓಟದ ಗೆರೆಯನ್ನು ಜಿಪಿಎಕ್ಸ್ ಕಡತವಾಗಿ (ನಕ್ಷೆಯಲ್ಲಿ ತೆರೆಯಬಹುದಾದ ಜಿಪಿಎಸ್ ದಾಖಲೆ) ತೆಗೆದುಕೊಳ್ಳಬಹುದು. ಅವರ ಸಹಕಾರವಿಲ್ಲದೆ ಈ ಕೆಲಸ ಆಗುವುದಿಲ್ಲ, ಆದ್ದರಿಂದ ಋತುವಿಗೆ ಮುಂಚೆಯೇ ಮಾತಾಡಿ ಒಪ್ಪಿಸಿ. ಕಡತದ ಜೊತೆ ನಾಯಿ ಬಿಟ್ಟ ಹೊತ್ತು, ಕೊನೆಯ ನಾಯಿಯನ್ನು ಹಿಡಿದ ಹೊತ್ತು, ಎಷ್ಟು ಜನ ಇದ್ದರು, ಎಷ್ಟು ಗುಂಡು ಹಾರಿತು, ಗಾಳಿ, ತೇವ ಎಲ್ಲವನ್ನೂ ಬರೆದುಕೊಳ್ಳಿ. ನೆಲ ಒದ್ದೆ ಇದ್ದು ಗಾಳಿ ಕಡಿಮೆ ಇದ್ದ ದಿನ ವಾಸನೆ ನಿಲ್ಲುತ್ತದೆ, ಅಟ್ಟುವಿಕೆ ಉದ್ದವಾಗುತ್ತದೆ. ಒಣ ನೆಲ, ಜೋರು ಗಾಳಿ ಇದ್ದರೆ ಅದೇ ನಾಯಿಗಳು ಜಾಡು ಕಳೆದುಕೊಂಡು ಬೇಗ ಬಿಟ್ಟುಬಿಡುತ್ತವೆ. ಈ ವಿವರ ಇಲ್ಲದೆ ಎರಡು ದಿನಗಳ ಬೇಟೆಯನ್ನು ಒಂದೇ ಎಂದು ಲೆಕ್ಕ ಹಾಕಿದರೆ ತಪ್ಪಾಗುತ್ತದೆ.

ಗೆರೆಗಳನ್ನು ನಕ್ಷೆಯಲ್ಲಿ ತೆರೆದರೆ ನಾಯಿ ಏನನ್ನು ಅಟ್ಟಿತು ಎಂಬುದು ಸಾಕಷ್ಟು ಗೊತ್ತಾಗುತ್ತದೆ. ಹಾವಿನಂತೆ ಅಂಕುಡೊಂಕಾಗಿ ನಿಧಾನಕ್ಕೆ ಹೋದ ಗೆರೆ ಎಂದರೆ ಇನ್ನೂ ಹುಡುಕಾಟ. ಹಲವು ನಾಯಿಗಳ ಚುಕ್ಕೆ ಒಂದೇ ಕಡೆ ಹತ್ತಾರು ನಿಮಿಷ ಮುದ್ದೆಯಾಗಿದ್ದರೆ ಹಂದಿ ನಿಂತು ಎದುರಿಸಿದೆ. ಹೊರಟಲ್ಲಿಗೇ ಮತ್ತೆ ಬರುವ ವೃತ್ತ ಮೊಲದ್ದಿರಬಹುದು. ರೋ ಜಿಂಕೆಯೂ ತನ್ನ ಚಿಕ್ಕ ವಲಯದಲ್ಲಿ ಸುತ್ತು ಹಾಕುತ್ತದೆ, ಅದಕ್ಕೇ ವೃತ್ತ ಕಂಡರೆ ಹಾದಿಯಲ್ಲಿರುವ ಕ್ಯಾಮೆರಾ ನೋಡಿಯೇ ತೀರ್ಮಾನಿಸಿ. ಒಂದೇ ನಾಯಿ ಹಿಂಡು ಬಿಟ್ಟು, ನೇರ ಗೆರೆಯಲ್ಲಿ ಕಿಲೋಮೀಟರ್‌ಗಟ್ಟಲೆ ಹೋಗಿ, ಹೊಳೆಯ ದಡದಲ್ಲಿ ತಡಬಡಾಯಿಸಿದ್ದರೆ ಅದು ಬಹುಮಟ್ಟಿಗೆ ಜಿಂಕೆಯ ಹಿಂದೆ ಹೋದದ್ದೇ. ನೀರಿಗಿಳಿದು ವಾಸನೆ ತಪ್ಪಿಸುವುದು ಜಿಂಕೆಗಳ ಹಳೆಯ ಉಪಾಯ. ಹಂದಿಗೆ ತರಬೇತಾದ ಹಿಂಡಿನಲ್ಲಿ ಹೀಗೆ ಪದೇ ಪದೇ ತಪ್ಪುವುದು ಒಂದೋ ಎರಡೋ ನಾಯಿ. ಇಡೀ ಹಿಂಡಿಗೆ ಕೆಟ್ಟ ಹೆಸರು ತರುವ ಆ ನಾಯಿಯನ್ನು ಗುರುತಿಸಿ ಮನೆಯಲ್ಲಿ ಬಿಡುವುದು ಎಲ್ಲ ಪರಿಹಾರಗಳಲ್ಲಿ ಅಗ್ಗದ್ದು.

ಪ್ರತಿ ಗೆರೆಯ ಎರಡೂ ಬದಿಗೆ 250 ಮೀಟರ್ ಪಟ್ಟಿ ಎಳೆಯಿರಿ. ಆ ಪಟ್ಟಿಯೊಳಗೆ ಬಂದ ಕ್ಯಾಮೆರಾಗಳನ್ನು ಆ ದಿನದ ಮಟ್ಟಿಗೆ 'ನಾಯಿ ಬಂದವು' ಎಂದೂ ಉಳಿದವನ್ನು 'ನಾಯಿ ಬರದವು' ಎಂದೂ ವಿಂಗಡಿಸಿ. ಬೇಟೆಯ ಜಾಗದೊಳಗೇ ಎರಡನೆಯ ಹೋಲಿಕೆ ಖರ್ಚಿಲ್ಲದೆ ಸಿಗುತ್ತದೆ.

ನೆಲ ಓದುವುದು

ಕ್ಯಾಮೆರಾ ನೋಡದ್ದನ್ನು ನೆಲ ಹೇಳುತ್ತದೆ. ನೆಮ್ಮದಿಯಿಂದ ನಡೆದ ಜಿಂಕೆಯ ಹಿಂಗಾಲು ಮುಂಗಾಲಿನ ಗುರುತಿನ ಮೇಲೇ ಬೀಳುತ್ತದೆ, ಗೊರಸಿನ ಎರಡು ಹೋಳು ಕೂಡಿಕೊಂಡಿರುತ್ತವೆ. ಜಿಗಿದು ಓಡಿದ್ದರೆ ನಾಲ್ಕೂ ಗುರುತು ಒಂದು ಗುಂಪಾಗಿ, ಮುಂದಿನ ಗುಂಪಿಗೆ ಹಲವು ಮೀಟರ್ ಅಂತರ ಇರುತ್ತದೆ. ಹೋಳುಗಳು ವಿ ಆಕಾರಕ್ಕೆ ಬಿರಿದು, ಹಿಂದೆ ಮೇಲಿರುವ ಎರಡು ಚಿಕ್ಕ ಗೊರಸುಗಳೂ ಮಣ್ಣಿಗೆ ಅಚ್ಚೊತ್ತಿರುತ್ತವೆ. ಜಿಗಿತದ ಗುರುತು ಎಲ್ಲಿ ಮುಗಿದು ನಡಿಗೆಯಾಯಿತು ಎಂಬಲ್ಲಿಗೆ ಜಿಪಿಎಸ್ ಗುರುತು ಹಾಕಿ. ಜಿಂಕೆಗೆ ಅಪಾಯ ಕಳೆಯಿತು ಎನಿಸಿದ ಜಾಗ ಅದು. ನಾಲ್ಕೈದು ಬೇಟೆಗಳ ನಂತರ ಈ ಬಿಂದುಗಳು ಒಂದೇ ಕಣಿವೆಯಲ್ಲೋ ಒಂದೇ ಪೊದೆಗಾಡಿನಲ್ಲೋ ಗುಂಪಾಗಿದ್ದರೆ ಅದೇ ಆಸರೆಯ ತಾಣ.

ರೋ ಜಿಂಕೆ ಮಲಗುವ ಮುಂಚೆ ಕಾಲಿನಿಂದ ತರಗೆಲೆ ಕೆರೆದು ಬರಿ ಮಣ್ಣು ಮಾಡಿಕೊಳ್ಳುತ್ತದೆ. ಬಿಳಿಬಾಲದ ಜಿಂಕೆ ಕೆರೆಯದೆ ಎಲೆಯನ್ನು ಅದುಮಿ ಮಲಗುತ್ತದೆ. ಋತುವಿಗೆ ಮುಂಚೆ ಒಮ್ಮೆ, ನಡುವೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಅದೇ ಹಾದಿಗಳಲ್ಲಿ ನಡೆದು ಹೊಸ ಮಲಗುದಾಣಗಳನ್ನು ಎಣಿಸಿ. ಇದನ್ನು ಬೇಟೆಯ ಮರುದಿನವೇ ಮಾಡಬೇಡಿ, ಆಗಷ್ಟೇ ಮರಳಿದ ಪ್ರಾಣಿಗಳನ್ನು ನೀವೇ ಮತ್ತೆ ಎಬ್ಬಿಸಿದಂತಾಗುತ್ತದೆ.

ಹಿಕ್ಕೆ ಎಣಿಕೆಗೆ 100 ಮೀಟರ್ ಉದ್ದ, 2 ಮೀಟರ್ ಅಗಲದ ಪಟ್ಟಿಗಳು ಸಾಕು. ಮೊದಲ ದಿನ ಪಟ್ಟಿಯೊಳಗಿನ ಹಳೆಯ ಹಿಕ್ಕೆಯನ್ನೆಲ್ಲ ಗುಡಿಸಿ ತೆಗೆದು, 30 ದಿನದ ನಂತರ ಗುಂಪುಗಳನ್ನು ಎಣಿಸಿ. ಗುಡಿಸದೆ ಎಣಿಸಿದರೆ ಬೇಟೆಗೆ ಮುಂಚಿನದೂ ಲೆಕ್ಕಕ್ಕೆ ಬರುತ್ತದೆ. ಜಿಂಕೆ ಎಲ್ಲಿ ಹೆಚ್ಚು ಹೊತ್ತು ಕಳೆಯಿತು ಎಂಬುದನ್ನು ಹಿಕ್ಕೆ ತೋರಿಸುತ್ತದೆ, ಯಾವ ಹೊತ್ತಿನಲ್ಲಿ ಎಂಬುದನ್ನು ಮಾತ್ರ ಕ್ಯಾಮೆರಾದಿಂದಲೇ ತಿಳಿಯಬೇಕು. ಪ್ರಯೋಗಾಲಯದ ಸಹಾಯ ಇದ್ದರೆ ತಾಜಾ ಹಿಕ್ಕೆಯಿಂದ ಒತ್ತಡದ ಹಾರ್ಮೋನಿನ ಅಂಶವನ್ನೂ ಅಳೆಯಬಹುದು. ಇಂದಿನ ಗಾಬರಿ ಹಿಕ್ಕೆಯಲ್ಲಿ ಕಾಣಲು ಹೆಚ್ಚುಕಮ್ಮಿ ಒಂದು ದಿನ ಬೇಕು, ಆದ್ದರಿಂದ ಬೇಟೆಯ ಸಂಜೆ ಆಯ್ದ ಹಿಕ್ಕೆ ಬೇಟೆಗೆ ಮುಂಚಿನ ಸ್ಥಿತಿಯನ್ನೇ ತೋರಿಸುತ್ತದೆ. ಆಯ್ದ ಕೂಡಲೇ ಮೈನಸ್ 20 ಡಿಗ್ರಿಯಲ್ಲಿಡಿ.

ಲೆಕ್ಕ, ಅದರಲ್ಲಾಗುವ ಎಡವಟ್ಟು

ಒಂದೇ ಕ್ಯಾಮೆರಾದಲ್ಲಿ 30 ನಿಮಿಷದೊಳಗೆ ಬಂದ ಒಂದೇ ಜಾತಿಯ ಚಿತ್ರಗಳೆಲ್ಲ ಒಂದು ಭೇಟಿ. ಒಂದು ಕ್ಯಾಮೆರಾ ಒಂದು ದಿನ ಕೆಲಸ ಮಾಡಿದರೆ ಒಂದು ಕ್ಯಾಮೆರಾ ರಾತ್ರಿ; 100 ಕ್ಯಾಮೆರಾ ರಾತ್ರಿಗೆ ಎಷ್ಟು ಭೇಟಿ ಎಂದು ಲೆಕ್ಕ ಹಾಕಿ. 12 ಕ್ಯಾಮೆರಾ 21 ದಿನ ಸರಿಯಾಗಿ ಕೆಲಸ ಮಾಡಿದರೆ 252 ಕ್ಯಾಮೆರಾ ರಾತ್ರಿ. ಕೆಟ್ಟು ನಿಂತ ದಿನಗಳನ್ನು ಕಳೆಯಲು ಮರೆಯಬೇಡಿ.

ಉದಾಹರಣೆಗೆ ಬೇಟೆಯ ಜಾಗದಲ್ಲಿ 20 ಇದ್ದದ್ದು ಋತುವಿನಲ್ಲಿ 12 ಆಯಿತು ಎನ್ನಿ. ನೋಡಿದ ತಕ್ಷಣ ಶೇಕಡ 40 ಇಳಿಕೆ. ಹೋಲಿಕೆಯ ಜಾಗದಲ್ಲೂ ಅದೇ ಹೊತ್ತಿಗೆ 18ರಿಂದ 15ಕ್ಕೆ ಇಳಿದಿದ್ದರೆ, ಮೊದಲ ಜಾಗದ 0.60ನ್ನು (12/20) ಎರಡನೆಯದರ 0.83ರಿಂದ (15/18) ಭಾಗಿಸಬೇಕು. ಸಿಗುವುದು 0.72. ಅಂದರೆ ಬೇಟೆಯ ಲೆಕ್ಕಕ್ಕೆ ಬರೆಯಬಹುದಾದದ್ದು ಶೇಕಡ 28ರ ಇಳಿಕೆ, ಉಳಿದದ್ದು ಋತುಮಾನದ್ದು. ಇಷ್ಟು ಕಡಿಮೆ ಕ್ಯಾಮೆರಾಗಳಲ್ಲಿ ಶೇಕಡ 10ರಷ್ಟರ ವ್ಯತ್ಯಾಸಕ್ಕೆ ಅರ್ಥ ಹಚ್ಚಬೇಡಿ.

ಬೇಟೆಯ ದಿನವನ್ನೂ ಮುಂದಿನ 24 ಗಂಟೆಯನ್ನೂ ಈ ಲೆಕ್ಕದಿಂದ ಹೊರಗಿಟ್ಟು ಬೇರೆಯೇ ನೋಡಿ. ಕಾರಣ ಸರಳ: ಕ್ಯಾಮೆರಾ ಎಣಿಸುವುದು ಜಿಂಕೆಗಳನ್ನಲ್ಲ, ಹಾದುಹೋಗುವಿಕೆಯನ್ನು. ನಾಯಿ ಅಟ್ಟಿದ ದಿನ ಒಂದೇ ಜಿಂಕೆ ಮೂರು ಕ್ಯಾಮೆರಾ ದಾಟಿರುತ್ತದೆ, ಲೆಕ್ಕ ಏರುತ್ತದೆ. ಮರುದಿನ ಅದೇ ಜಿಂಕೆ ಪೊದೆಯೊಳಗೆ ಅಲುಗಾಡದೆ ಕೂತಿದ್ದರೆ ಲೆಕ್ಕ ಸೊನ್ನೆಗೆ ಬೀಳುತ್ತದೆ. ಎರಡೂ ದಿನ ಜಿಂಕೆ ಇದ್ದದ್ದು ಅಲ್ಲೇ.

ಹಗಲಿನ ಪಾಲನ್ನು ಪ್ರತ್ಯೇಕ ತೆಗೆಯಿರಿ. ಬೆಳಿಗ್ಗೆ 6ರಿಂದ ಸಂಜೆ 6 ಎಂದು ಗೆರೆ ಹಾಕಿದರೆ ಕೆಡುತ್ತದೆ, ಚಳಿಗಾಲಕ್ಕೆ ಹಗಲು ಕುಗ್ಗುತ್ತ ಹೋಗುವುದರಿಂದ ಜಿಂಕೆ ಬದಲಾಗದಿದ್ದರೂ ರಾತ್ರಿಯ ಪಾಲು ಹೆಚ್ಚಿದಂತೆ ಕಾಣುತ್ತದೆ. ಆಯಾ ದಿನದ ಸೂರ್ಯೋದಯ, ಸೂರ್ಯಾಸ್ತ ಹಿಡಿದೇ ವಿಂಗಡಿಸಿ. ಒಟ್ಟು ಭೇಟಿ ಹಾಗೇ ಇದ್ದು ಹಗಲಿನ ಪಾಲು ಮಾತ್ರ ಕುಸಿದಿದ್ದರೆ ಜಿಂಕೆ ಊರು ಬಿಟ್ಟಿಲ್ಲ, ಹೊತ್ತು ಬದಲಿಸಿದೆ. ಜಿಂಕೆ ಮಾಯವಾಯಿತು ಎಂಬ ದೂರುಗಳಲ್ಲಿ ದೊಡ್ಡ ಪಾಲು ಇಂಥದ್ದೇ, ದೂರುವವರು ಕಾಡಿಗೆ ಹೋಗುವುದು ಹಗಲಿನಲ್ಲಿ ತಾನೇ. ಒಟ್ಟು ಭೇಟಿಯೂ ಇಳಿದು, ಮಲಗುದಾಣವೂ ಹಿಕ್ಕೆಯೂ ಆಸರೆಯ ತಾಣದಲ್ಲಿ ಏರಿದ್ದರೆ ಜಾಗವೇ ಬದಲಾಗಿದೆ. ಆಗ ಆಸರೆಯ ಒಳಗಿನ ಸಸಿಗಳ ತುದಿಮೊಗ್ಗನ್ನು ನೋಡಿ: ಇಕ್ಕಟ್ಟಿನಲ್ಲಿ ಕೂಡಿದ ಜಿಂಕೆಗಳು ಅಲ್ಲಿನ ಎಳೆ ಮರಗಳನ್ನು ಮೇಲೇಳಲು ಬಿಡುವುದಿಲ್ಲ. ಅರಣ್ಯದವರಿಗೆ ನಿಜವಾದ ನಷ್ಟ ಆಗುವುದು ಅಲ್ಲಿ.

ನಾಯಿಯ ಪರಿಣಾಮವನ್ನು ಜನರ ಪರಿಣಾಮದಿಂದ ಬೇರ್ಪಡಿಸುವುದು ಕಷ್ಟ. ಜೀಪು, ಕೋವಿ, ಕೂಗಾಟ ಎಲ್ಲ ಒಟ್ಟಿಗೇ ಬರುತ್ತವೆ. ಸಾಧ್ಯವಾದರೆ ನಾಯಿ ಇಲ್ಲದೆ ಅಷ್ಟೇ ಜನ ಅದೇ ಜಾಗದಲ್ಲಿ ಓಡಾಡುವ ಎರಡು ಮೂರು ದಿನಗಳನ್ನು ಋತುವಿನೊಳಗೆ ಸೇರಿಸಿ.

ಫಲಿತಾಂಶ ಕೈಗೆ ಬಂದ ಮೇಲೆ

ಮೊದಲು ಮುಟ್ಟಬೇಕಾದ್ದು ಎಷ್ಟು ಸಲ ಎಂಬುದನ್ನು. ಒಂದು ಸಲ ಎದ್ದ ಜಿಂಕೆ ಒಂದು ದಿನದಲ್ಲಿ ಮರಳುತ್ತದೆ. ಪ್ರತಿ ವಾರಾಂತ್ಯ ಅದೇ ಪೊದೆಯಿಂದ ಎಬ್ಬಿಸಿದರೆ ಅದು ಆ ಪೊದೆಯನ್ನೇ ಬಿಡುತ್ತದೆ. ಕಾಡನ್ನು ಮೂರು ನಾಲ್ಕು ತುಂಡು ಮಾಡಿ, ಒಂದು ತುಂಡಿಗೆ ಮತ್ತೆ ಹೋಗುವ ಮುಂಚೆ ಕನಿಷ್ಠ 3 ವಾರ ಬಿಡಿ. ನೆಲ ಓದಿ ಕಂಡುಕೊಂಡ ಆಸರೆಯ ತಾಣಕ್ಕೆ ನಾಯಿಯನ್ನು ಬಿಡಲೇಬೇಡಿ, ಅದರ ಅಂಚಿನಿಂದ 300 ಮೀಟರ್ ಈಚೆಗೇ ಹಿಡಿಯಿರಿ. ನಾಯಿ ಗುರಿ ತಪ್ಪಿ ಜಿಂಕೆಯ ಹಿಂದೆ ಹೋದದ್ದು ಕಾಲರ್ ತೆರೆಯಲ್ಲಿ ಕಂಡರೆ ಕೊಂಬೂದಿ ಕರೆಯುತ್ತ ನಿಲ್ಲುವುದಕ್ಕಿಂತ ಅದರ ಮುಂದಿನ ದಾರಿಗೆ ಹೋಗಿ ಅಡ್ಡ ನಿಂತು ಹಿಡಿಯುವುದು ಬೇಗ ಆಗುತ್ತದೆ. ತಂತಿ ಬೇಲಿ, ಹೆದ್ದಾರಿ ಇರುವ ದಿಕ್ಕಿಗೆ ಅಟ್ಟುವಂತೆ ಎಂದೂ ನಾಯಿ ಬಿಡಬಾರದು, ಹಲ್ಲಿಗೆ ಸಿಗದ ಜಿಂಕೆ ಬೇಲಿಗೆ ಸಿಗುತ್ತದೆ.

ಕಾಲ ನೋಡಿಕೊಳ್ಳಿ. ಚಳಿಗಾಲದ ಕೊನೆಗೆ ಜಿಂಕೆಯ ಕೊಬ್ಬು ಕರಗಿರುತ್ತದೆ, ದೇಹವೂ ಖರ್ಚು ಕಡಿಮೆ ಮಾಡಿಕೊಂಡು ಮಂದಗತಿಯಲ್ಲಿರುತ್ತದೆ. ಆಗಿನ ಅರ್ಧ ಗಂಟೆ ಓಟ ಶರತ್ಕಾಲದ ಅರ್ಧ ಗಂಟೆಗಿಂತ ದುಬಾರಿ. ಹಿಮದ ಮೇಲ್ಪದರ ಗಟ್ಟಿಯಾಗಿ, ನಾಯಿ ಮೇಲೆ ಓಡುತ್ತ ಜಿಂಕೆಯ ಕಾಲು ಮಾತ್ರ ಕುಸಿಯುವಂತಿದ್ದರೆ ಆ ದಿನದ ಬೇಟೆ ರದ್ದು, ಅದರಲ್ಲಿ ಚೌಕಾಸಿ ಇಲ್ಲ. ಮರಿ ಹಾಕುವ ಕಾಲದಲ್ಲಿ ತಾಯಿ ಓಡಿದರೂ ಮರಿ ಹುಲ್ಲಿನಲ್ಲಿ ಅಡಗಿ ಅಲ್ಲೇ ಉಳಿಯುತ್ತದೆ, ಹಿಂಡಿನ ಯಾವುದೋ ಒಂದು ನಾಯಿ ಅದನ್ನು ಎಡವಿದರೆ ಸಾಕು. ನಾಯಿಗಳ ತರಬೇತಿ ಓಟವನ್ನೂ ಆ ತಿಂಗಳುಗಳಲ್ಲಿ ನಿಲ್ಲಿಸಬೇಕು.

ಮುಂದಿನ ಋತುವಿನಲ್ಲಿ ಇವುಗಳಲ್ಲಿ ಒಂದನ್ನು ಮಾತ್ರ ಬದಲಿಸಿ, ಕ್ಯಾಮೆರಾಗಳನ್ನು ಅದೇ ಮರಗಳಿಗೆ ಅದೇ ಎತ್ತರಕ್ಕೆ ಕಟ್ಟಿ. ಬೇಟೆಗಳ ನಡುವಿನ ಬಿಡುವನ್ನೂ ನಾಯಿಯ ತಳಿಯನ್ನೂ ಒಟ್ಟಿಗೆ ಬದಲಿಸಿದರೆ ಕೆಲಸ ಮಾಡಿದ್ದು ಯಾವುದು ಎಂದು ಗೊತ್ತಾಗಲು ಇನ್ನೂ ಒಂದು ವರ್ಷ ಕಾಯಬೇಕಾಗುತ್ತದೆ.